ಬೆನ್ ನ್ಯಾನೋನೋಟ್‌ನ ಕಾರ್ಡ್ ಸ್ಲಾಟ್: ಯುಬಿಬಿ, ರಿಬ್ಬನ್, ಎಟಿಬೆನ್ ಹೋಲಿಕೆ

ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಬೆನ್ ನ್ಯಾನೋನೋಟ್‌ನ ಯುಎಸ್‌ಬಿ ಪೋರ್ಟ್ ಡಿವೈಸ್ ಆಗಿ ಮಾತ್ರ ಕೆಲಸ ಮಾಡುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗದು. ಹಾಗಾಗಿ ಹೊರಗಿನ ಸರ್ಕ್ಯೂಟ್ ಜೋಡಿಸಲು ಸುಲಭದ ದಾರಿ ಮೈಕ್ರೋಎಸ್‌ಡಿ ಸ್ಲಾಟ್. ಅದರ ಎಂಟು ಕಾಂಟ್ಯಾಕ್ಟ್‌ಗಳಲ್ಲಿ ಒಂದು 3.3 ವೋಲ್ಟ್, ಒಂದು ಗ್ರೌಂಡ್. ಉಳಿದ ಆರು ನೇರವಾಗಿ ಬೆನ್‌ನ ಪ್ರೊಸೆಸರ್ ಆದ ಜೆಝಡ್4720 ಚಿಪ್‌ನ ಡಿ ಪೋರ್ಟಿಗೆ (ಪಿಡಿ ಎಂಬ ಪಿನ್‌ಗಳ ಗುಂಪು) ಸೇರುತ್ತವೆ: ಕಮಾಂಡ್ ಪಿಡಿ8ಕ್ಕೆ, ಕ್ಲಾಕ್ ಪಿಡಿ9ಕ್ಕೆ, ನಾಲ್ಕು ಡೇಟಾ ಲೈನುಗಳು ಪಿಡಿ10ರಿಂದ 13ಕ್ಕೆ.

ಯುಬಿಬಿ (ಯುನಿವರ್ಸಲ್ ಬ್ರೇಕ್‌ಔಟ್ ಬೋರ್ಡ್) ಎಂದರೆ ಕಾರ್ಡಿನ ಆಕಾರದ, ಚಿಪ್ಪೇ ಇಲ್ಲದ ಪಿಸಿಬಿ, ಅಂದರೆ ಬರೀ ತಾಮ್ರದ ಗೆರೆಗಳಿರುವ ಬೋರ್ಡ್. ಒಂದು ತುದಿ ಸ್ಲಾಟಿಗೆ, ಇನ್ನೊಂದು ತುದಿಯಲ್ಲಿ ಬೆಸುಗೆ ಹಾಕಲು ಎಂಟು ಪ್ಯಾಡ್. ನೀವೇ ಮಾಡಿಸುವುದಾದರೆ 0.8 ಮಿ.ಮೀ. ದಪ್ಪದ ಬೋರ್ಡ್ ಕೇಳಿ, ಸಾಮಾನ್ಯ 1.6 ಮಿ.ಮೀ. ಬೋರ್ಡ್ ಒಳಗೆ ಹೋಗುವುದೇ ಇಲ್ಲ. ಎಲ್‌ಇಡಿ, ಬಟನ್, ಸೆನ್ಸರ್, ನಿಧಾನದ ಎಸ್‌ಪಿಐ (ಚಿಪ್‌ಗಳು ಕೆಲವೇ ತಂತಿಯಲ್ಲಿ ಮಾತಾಡುವ ವಿಧಾನ) ಯಾವುದಕ್ಕೂ ಇದೇ ಸಾಕು. ಇಷ್ಟೇ ಆರು ತಂತಿಯಲ್ಲಿ ವಿಜಿಎ ಚಿತ್ರ ಬರಿಸಿದವರೂ ಇದ್ದಾರೆ.

ಅಂಗಡಿಯಲ್ಲಿ ಸಿಗುವ ಮೈಕ್ರೋಎಸ್‌ಡಿ ಎಕ್ಸ್‌ಟೆನ್ಷನ್ ರಿಬ್ಬನ್ನಿನ ಲಾಭ ಒಂದೇ, ಬೋರ್ಡ್ ಮಾಡಿಸಲು ಕಾಯಬೇಕಿಲ್ಲ. ಬೆಸುಗೆ ಕಡ್ಡಿ ಎರಡು ಸೆಕೆಂಡು ಹೆಚ್ಚು ಇಟ್ಟರೆ ಪ್ಲಾಸ್ಟಿಕ್ಕಿನಿಂದ ತಾಮ್ರವೇ ಎದ್ದು ಬರುತ್ತದೆ. ಉದ್ದ ಹೆಚ್ಚಾದಷ್ಟೂ ಕ್ಲಾಕ್ ಅಂಚಿನಲ್ಲಿ ರಿಂಗಿಂಗ್, ಅಂದರೆ ವೋಲ್ಟೇಜ್ ಏರಿಳಿದು ನಡುಗುವುದು. ಒಂದು ಪಲ್ಸ್ ಎರಡಾಗಿ ಎಣಿಕೆಯಾಗುವುದುಂಟು. ಕ್ಲಾಕ್ ಲೈನಿಗೆ ಬೆನ್ ಕಡೆಯಲ್ಲೇ ಸರಣಿಯಲ್ಲಿ 47 ಓಮ್, ಜೋಡಿಸಿದ ಚಿಪ್ಪಿನ ಪವರ್ ಪಿನ್ ಪಕ್ಕ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೂ ಮೇಜಿನ ಮೇಲಿನ ಪ್ರಯೋಗಕ್ಕಷ್ಟೇ ಇದು ಲಾಯಕ್ಕು.

ಎಟಿಬೆನ್ ಎಂಬುದು ಸ್ಲಾಟಿಗೆ ತೂರಿಸುವ 802.15.4 (ಕಡಿಮೆ ವೇಗದ ನಿಸ್ತಂತು ಜಾಲದ ಮಾನದಂಡ) ರೇಡಿಯೋ ಬೋರ್ಡ್, 2.4 ಗಿಗಾಹರ್ಟ್ಸ್. ಆರೂ ಲೈನುಗಳನ್ನು ಅದೇ ನುಂಗಿಬಿಡುತ್ತದೆ, ಬೇರೇನನ್ನೂ ಜೋಡಿಸಲಾಗದು. ರೇಡಿಯೋ ಬೇಕಿದ್ದರೆ ಮಾತ್ರ ಕೊಳ್ಳಿ.

ಮೂರರಲ್ಲೂ ತಕರಾರು ಶುರುವಾಗುವುದು ಸಾಫ್ಟ್‌ವೇರಿನಲ್ಲಿ. ಬೋರ್ಡ್ ತೂರಿಸಿದ ಕೂಡಲೇ ಸ್ಲಾಟಿನ ಸ್ವಿಚ್ (ಪಿಡಿ0) ಒತ್ತುತ್ತದೆ. ಲಿನಕ್ಸ್ ಕರ್ನಲ್ ಬೋರ್ಡನ್ನು ಮೆಮೊರಿ ಕಾರ್ಡೆಂದೇ ತಿಳಿದು ಕಮಾಂಡ್, ಕ್ಲಾಕ್ ಲೈನುಗಳಲ್ಲಿ ಮಾತಾಡಿಸುತ್ತದೆ, ಉತ್ತರ ಸಿಗದೆ ಪವರ್ ಕಿತ್ತುಬಿಡುತ್ತದೆ. 'ವೈರಿಂಗ್ ಸರಿಯಿದೆ, ವೋಲ್ಟೇಜೇ ಇಲ್ಲ' ಎಂಬ ದೂರಿನ ಮೂಲ ಬಹುಪಾಲು ಇದೇ. ಕ್ರಮ ಹೀಗಿರಲಿ: ಮೊದಲು ಜೆಝಡ್4740 ಎಂಎಂಸಿ ಡ್ರೈವರನ್ನು (ಬೆನ್‌ನ ಜೆಝಡ್4720ಕ್ಕೂ ಕಾರ್ಡ್ ಡ್ರೈವರ್ ಇದೇ) ಅನ್‌ಬೈಂಡ್ ಮಾಡಿ, ಅಂದರೆ ಸ್ಲಾಟಿನಿಂದ ಬಿಡಿಸಿ. ಪಿಡಿ2 ಅನ್ನು ಹೈ ಮಾಡಿ ಸ್ಲಾಟಿನ ಪವರ್ ಆರಿಸಿ. ಬೋರ್ಡ್ ತೂರಿಸಿ, ಪಿನ್‌ಗಳನ್ನು ಜಿಪಿಐಓ (ನಾವೇ ಹೈ, ಲೋ ಮಾಡಬಲ್ಲ ಸಾಮಾನ್ಯ ಪಿನ್) ಮಾಡಿಕೊಂಡು, ಆಮೇಲೆ ಪಿಡಿ2 ಲೋ ಮಾಡಿ. ಲೋ ಇದ್ದಾಗಲೇ ಪವರ್ ಬರುವುದು. ಪಿನ್‌ಗಳನ್ನು ಫೈಲುಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಡಿ ಪೋರ್ಟ್ 96ರಿಂದ ಶುರು, ಅಂದರೆ ಪಿಡಿ12ರ ಸಂಖ್ಯೆ 108. ವೇಗ ಸಾಲದಿದ್ದರೆ ಹೆಕ್ಸ್ 10010300 ವಿಳಾಸದಿಂದ ಶುರುವಾಗುವ ಡಿ ಪೋರ್ಟಿನ ರಿಜಿಸ್ಟರುಗಳನ್ನೇ ಪ್ರೋಗ್ರಾಮಿನ ಮೆಮೊರಿಗೆ ಮ್ಯಾಪ್ ಮಾಡಿಕೊಳ್ಳಿ.

5 ವೋಲ್ಟ್ ಸಿಗ್ನಲ್ ಮಾತ್ರ ಯಾವ ಕಾರಣಕ್ಕೂ ನೇರವಾಗಿ ಕೊಡಬೇಡಿ. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಎಕೋ ಪಿನ್ನಿಗೆ 10 ಕಿಲೋಓಮ್ ಸರಣಿಯಲ್ಲಿ, ಅಲ್ಲಿಂದ ಗ್ರೌಂಡಿಗೆ 20 ಕಿಲೋಓಮ್ ಹಾಕಿದರೆ 3.3ಕ್ಕೆ ಇಳಿಯುತ್ತದೆ. ರಿಲೇ, ಸರ್ವೋಗಳಿಗೆ ಬೇರೆ ಪವರ್ ಕೊಡಿ, ಗ್ರೌಂಡ್ ಒಂದೇ ಇರಲಿ.