ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಮನೆ ಹಿತ್ತಲಿನ ಶೆಡ್ಡಿನಲ್ಲಿ ಹಳೇ ಗಾಡಿ ಬಿಚ್ಚಿ ಜೋಡಿಸುವ ಹವ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ನಾನೊಂದು ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್ ತಗೊಂಡೆ. ಮುಚ್ಚಿದ ಪೆಟ್ಟಿಗೆಯೊಳಗೆ ಭಾಗವನ್ನಿಟ್ಟು, ಪೆಟ್ಟಿಗೆಗೇ ಜೋಡಿಸಿದ ಗ್ಲೌಸಿನಲ್ಲಿ ಕೈ ತೂರಿಸಿ, ಗಾಳಿಯ ರಭಸದಲ್ಲಿ ಮರಳಿನಂಥ ಕಾಳು ಊದಿ ತುಕ್ಕು ತೆಗೆಯುವ ಯಂತ್ರ ಅದು. ಕೊಟ್ಟ 28,000 ರೂಪಾಯಿ ಹೋಯಿತು, ಅದನ್ನು ಮರೆತಿದ್ದೇನೆ. ಆದರೆ ಆ ಪೆಟ್ಟಿಗೆಯಿಂದ ಎದ್ದ ಧೂಳನ್ನು ನಮ್ಮಮ್ಮ ಮೂರು ವಾರ ಉಸಿರಾಡಿದರಲ್ಲ, ಅದನ್ನು ಮರೆಯೋಕೆ ಆಗುತ್ತಿಲ್ಲ.

ನಾವಿರುವುದು ಮೈಸೂರಿನಲ್ಲಿ. ಯೆಜ್ಡಿ ಬೈಕು ಮಾಡುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆದರೂ ಈ ಊರಲ್ಲಿ ಯೆಜ್ಡಿ ಸದ್ದು ಕೇಳಿದರೆ ಜನ ಇವತ್ತಿಗೂ ತಿರುಗಿ ನೋಡುತ್ತಾರೆ. ನಮ್ಮ ಮಾವನವರ 1985ರ ಯೆಜ್ಡಿ ರೋಡ್‌ಕಿಂಗ್ ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ತುಕ್ಕು ಹಿಡಿದಿತ್ತು. ಅದನ್ನು ಅವರ ಕೈಗೇ ಓಡಿಸೋಕೆ ಕೊಡಬೇಕು ಅನ್ನೋದು ನನ್ನ ಆಸೆ. ಫೋರ್ಕ್, ಬ್ರಾಕೆಟ್ಟು, ಟೂಲ್‌ಬಾಕ್ಸ್, ಸ್ಟ್ಯಾಂಡು ಎಲ್ಲವನ್ನೂ ಎಮರಿ ಪೇಪರಿನಲ್ಲಿ ಉಜ್ಜಿ ಬೆರಳ ಸಂದು ಕಿತ್ತು ಬಂದ ಮೇಲೆ ಕ್ಯಾಬಿನೆಟ್ ಯೋಚನೆ ಬಂತು. ಫೋಟೋದಲ್ಲಿ ದೊಡ್ಡದಾಗಿ, ಗಟ್ಟಿಯಾಗಿ ಕಂಡಿತು. ಫೋನ್ ಮಾಡಿದರೆ ಮಾರುವವರು, "ಸರ್, ಎರಡು ಎಚ್‌ಪಿ ಕಂಪ್ರೆಸರ್ ಇದ್ರೆ ಸಾಕು, ಆರಾಮಾಗಿ ಓಡುತ್ತೆ. ಮೀಡಿಯಾಗೆ ದುಡ್ಡು ಹಾಕ್ಬೇಡಿ, ಮರಳನ್ನೇ ಜರಡಿ ಹಿಡಿದು ಹಾಕ್ಕೊಳ್ಳಿ" ಅಂದರು. ಮೀಡಿಯಾ ಅಂದರೆ ಗನ್ನಿನಿಂದ ಊದುವ ಕಾಳು. ಎರಡೂ ಮಾತನ್ನು ನಂಬಿಬಿಟ್ಟೆ. ಎರಡೂ ಸುಳ್ಳು, ಎರಡನೆಯದಂತೂ ಅಪಾಯದ ಮಾತು.

ಮೊದಲು ಗಾಳಿಯ ವಿಷಯ. ಇಂಥ ಕ್ಯಾಬಿನೆಟ್ಟುಗಳಲ್ಲಿ ಬರುವುದು ಸೈಫನ್ ಗನ್. ಗನ್ನಿನ ಒಳಗಿನ ಸಣ್ಣ ಜೆಟ್ಟಿನಿಂದ ಗಾಳಿ ನುಗ್ಗುತ್ತದೆ, ಅದರ ಸೆಳೆತಕ್ಕೆ ಕೆಳಗಿನಿಂದ ಮೀಡಿಯಾ ಮೇಲೆದ್ದು ಮುಂದಿನ ದಪ್ಪ ನಾಝಲ್ಲಿನಿಂದ ಚಿಮ್ಮುತ್ತದೆ. ಎಷ್ಟು ಗಾಳಿ ಬೇಕು ಅನ್ನೋದು ನಿಂತಿರುವುದು ಆ ಜೆಟ್ಟಿನ ತೂತಿನ ಮೇಲೆ. ನನ್ನದು 3 ಮಿಲಿಮೀಟರಿನದು. 80 ಪಿಎಸ್‌ಐ ಒತ್ತಡದಲ್ಲಿ ಅದಕ್ಕೆ 15 ಸಿಎಫ್‌ಎಂಗೂ ಮೇಲೆ ಗಾಳಿ ಬೇಕು (ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋ ಲೆಕ್ಕ). ನನ್ನ ಎರಡು ಎಚ್‌ಪಿ ಕಂಪ್ರೆಸರಿನ ಪ್ಲೇಟಿನ ಮೇಲೆ ಬರೆದಿರುವುದು 8. ಅದೂ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕ, ಟ್ಯಾಂಕಿನಿಂದ ನಿಜಕ್ಕೂ ಹೊರಗೆ ಸಿಗುವುದು ಐದಾರು ಅಷ್ಟೆ. ಟ್ರಿಗರ್ ಒತ್ತಿ ಒಂದು ನಿಮಿಷ ಕಳೆಯುವಷ್ಟರಲ್ಲಿ 120ರಲ್ಲಿದ್ದ ಒತ್ತಡದ ಮುಳ್ಳು 50ಕ್ಕೆ ಇಳಿಯುತ್ತಿತ್ತು. ಆಮೇಲೆ ಐದು ನಿಮಿಷ ಕೈಕಟ್ಟಿ ನಿಲ್ಲಬೇಕು. ಬಿಡುವಿಲ್ಲದೆ ಓಡಿ ಕಂಪ್ರೆಸರಿನ ಹೆಡ್ಡು ಮುಟ್ಟಲಾಗದಷ್ಟು ಕಾದು, ಬಿಸಿ ಗಾಳಿ ಪೈಪಿನಲ್ಲಿ ತಣ್ಣಗಾಗಿ ನೀರು ಬಿಡುತ್ತಿತ್ತು. ಆಗಸ್ಟ್ ತಿಂಗಳ ತೇವ ಬೇರೆ. ಮರಳು ಉಂಡೆ ಕಟ್ಟಿ ಗನ್ನಿನ ಬಾಯಿ ಕಟ್ಟಿಕೊಳ್ಳುತ್ತಿತ್ತು. ಆದ್ದರಿಂದ ಕ್ಯಾಬಿನೆಟ್ಟಿಗಿಂತ ಮೊದಲು ನಿಮ್ಮ ಕಂಪ್ರೆಸರಿನ ಎಫ್‌ಎಡಿ, ಅಂದರೆ ಅದು ನಿಜಕ್ಕೂ ಹೊರಗೆ ಕೊಡುವ ಗಾಳಿ, ಎಷ್ಟು ಅಂತ ತಿಳಿದುಕೊಳ್ಳಿ, ಆಮೇಲೆ ಗನ್ನಿನ ಜೆಟ್ಟು ಎಷ್ಟು ಅಂತ ಕೇಳಿ. "ಎಷ್ಟು ಎಚ್‌ಪಿ ಬೇಕು" ಅನ್ನೋ ಪ್ರಶ್ನೆಗೆ ಏನು ಬೇಕಾದರೂ ಉತ್ತರ ಹೇಳಬಹುದು, ಸಿಎಫ್‌ಎಂ ಕೇಳಿದರೆ ನುಣುಚಿಕೊಳ್ಳೋದು ಕಷ್ಟ. ಈ ಕೆಲಸಕ್ಕೆ ಸರಿಯಾಗಿ ಬೇಕಾಗುವ ಐದು ಎಚ್‌ಪಿ ಕಂಪ್ರೆಸರಿಗೆ ಸಾಮಾನ್ಯವಾಗಿ ಮೂರು ಫೇಸ್ ಕರೆಂಟು ಬೇಕು. ಹೆಚ್ಚಿನ ಮನೆಗಳಲ್ಲಿ ಅದಿಲ್ಲ. ಇದೊಂದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಕ್ಯಾಬಿನೆಟ್ ಆಸೆಯನ್ನು ಅಲ್ಲಿಗೇ ಬಿಡುತ್ತಿದ್ದೆ.

ಇನ್ನು ಧೂಳು. ಗನ್ನು ಪೆಟ್ಟಿಗೆಯೊಳಕ್ಕೆ ಗಾಳಿ ತುಂಬುತ್ತಲೇ ಇರುತ್ತದೆ. ಆ ಗಾಳಿಗೆ ಒಂದು ದಾರಿ ಬೇಕೇ ಬೇಕು. ಒಳ್ಳೆಯ ಕ್ಯಾಬಿನೆಟ್ಟಿನಲ್ಲಿ ಗನ್ನು ತುಂಬುವುದಕ್ಕಿಂತ ಜಾಸ್ತಿ ಗಾಳಿಯನ್ನು ಹಿಂದಿನಿಂದ ಬ್ಲೋಯರ್ ಎಳೆಯುತ್ತಿರುತ್ತದೆ, ಹಾಗಾಗಿ ಎಲ್ಲೋ ಸಂದು ಇದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಒಳಗಿನ ಧೂಳು ಹೊರಗೆ ಬರುವುದಿಲ್ಲ. ನನಗೆ ಬಂದದ್ದರಲ್ಲಿ ಹಿಂದುಗಡೆ ಒಂದು ತೂತು, ತೂತಿಗೊಂದು ಬಟ್ಟೆ ಚೀಲ. ತಗಡಿನ ಜೋಡಣೆಗೆಲ್ಲ ವೆಲ್ಡಿಂಗ್ ಬದಲು ಬೋಲ್ಟು. ಬಾಗಿಲ ಸುತ್ತ ಅಂಟಿಸಿದ್ದ ಫೋಮು ಎರಡನೇ ದಿನಕ್ಕೆ ಕಿತ್ತು ಬಂತು. ತಳ ಇಳಿಜಾರಾಗಿರಬೇಕಿತ್ತು, ಅದು ಹೆಚ್ಚುಕಮ್ಮಿ ಚಪ್ಪಟೆ. ಮೀಡಿಯಾ ತಾನಾಗಿ ಜಾರಿ ಗನ್ನಿನ ಪೈಪಿನ ಹತ್ತಿರ ಬರುತ್ತಿರಲಿಲ್ಲ. ಪ್ರತಿ ಹತ್ತು ನಿಮಿಷಕ್ಕೆ ಬಾಗಿಲು ತೆಗೆದು ಕೈಯಲ್ಲಿ ಗೋರಿ ಮಧ್ಯಕ್ಕೆ ತಳ್ಳಬೇಕಿತ್ತು. ತೆಗೆದಾಗಲೆಲ್ಲ ಮುಖಕ್ಕೆ ಬಿಸಿ ಗಾಳಿಯ ಜೊತೆ ಬೂದು ಹೊಗೆ.

ಇದಕ್ಕೆ ಉಪಾಯ ಅಂತ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ತಂದು ಆ ತೂತಿಗೆ ಸಿಕ್ಕಿಸಿದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಅದರ ಚೀಲ ದಪ್ಪ ಧೂಳನ್ನಷ್ಟೇ ಹಿಡಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಧೂಳನ್ನು ಹಿಂದಿನಿಂದ ವಾಪಸು ಕೋಣೆಗೇ ಊದುತ್ತದೆ. ಅದು ನನಗೆ ಕಂಡದ್ದು ಒಂದು ಬೆಳಿಗ್ಗೆ. ಶೆಡ್ಡಿನ ಹೆಂಚಿನ ನಡುವೆ ಒಂದು ಗಾಜಿನ ಹೆಂಚಿದೆ, ಎಂಟು ಗಂಟೆಗೆ ಅದರಿಂದ ಬಿಸಿಲುಕೋಲು ಓರೆಯಾಗಿ ಬೀಳುತ್ತದೆ. ಹಿಂದಿನ ರಾತ್ರಿ ಒಂಬತ್ತಕ್ಕೇ ನಾನು ಕೆಲಸ ನಿಲ್ಲಿಸಿದ್ದೆ. ಹನ್ನೊಂದು ಗಂಟೆ ಕಳೆದಿತ್ತು. ಆ ಬೆಳಕಿನಲ್ಲಿ ಧೂಳು ಹಾಲಿನ ಹಾಗೆ ದಟ್ಟವಾಗಿ ತೇಲುತ್ತಿತ್ತು, ಕೈ ಆಡಿಸಿದರೆ ಸುಳಿ ಸುತ್ತುತ್ತಿತ್ತು. ಬಿಸಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಏನೂ ಇಲ್ಲ, ಗಾಳಿ ಶುಭ್ರವಾಗಿ ಕಾಣುತ್ತದೆ. ಅಷ್ಟು ದಿನ ನಾನು ನಿಂತು ಉಸಿರಾಡಿದ್ದು ಆ ಶುಭ್ರವಾಗಿ ಕಾಣುವ ಗಾಳಿಯನ್ನು.

ಶೆಡ್ಡಿಗೂ ಅಮ್ಮನ ಕೋಣೆಗೂ ನಡುವೆ ಒಂದು ಕಿಟಕಿ. ಅವರಿಗೆ ಮೊದಲೇ ದಮ್ಮಿನ ತೊಂದರೆ. "ಏನೋ ಇದು, ದಿನಾ ಒರೆಸ್ತೀನಿ, ಬೆಳಗಾದ್ರೆ ಹಿಟ್ಟು ಚೆಲ್ಲಿದಂಗೆ ಕೂತಿರುತ್ತೆ" ಅಂತ ಮಂಚದ ಪಕ್ಕದ ಸ್ಟೂಲನ್ನು ತೋರಿಸಿದ್ದರು. ರಸ್ತೆ ಧೂಳು ಅಂದುಬಿಟ್ಟಿದ್ದೆ. ಕೆಮ್ಮು ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಅಮ್ಮನನ್ನು ಬಿಟ್ಟು ನನ್ನನ್ನು ಪ್ರಶ್ನೆ ಕೇಳೋಕೆ ಶುರು ಮಾಡಿದರು. ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ, ಯಾವ ಮರಳು, ಎಷ್ಟು ದಿನದಿಂದ. ಆಗ ಗೊತ್ತಾಯಿತು ನಾನೇನು ಮಾಡಿದ್ದೇನೆ ಅಂತ.

ಮನೆ ಕಟ್ಟಿಸುವಾಗ ಉಳಿದಿದ್ದ ಹೊಳೆ ಮರಳದು. ಮರಳಿನ ಬಹುಪಾಲು ಕ್ವಾರ್ಟ್ಜ್, ಅಂದರೆ ಹರಳಿನ ರೂಪದ ಸಿಲಿಕಾ. ಕಬ್ಬಿಣಕ್ಕೆ ರಭಸವಾಗಿ ಬಡಿದಾಗ ಒಂದೊಂದು ಕಾಳೂ ಒಡೆದು ಕಣ್ಣಿಗೆ ಕಾಣದ ಪುಡಿಯಾಗುತ್ತದೆ. ಆ ಪುಡಿ ಶ್ವಾಸಕೋಶದಲ್ಲಿ ಕೂತರೆ ಅಲ್ಲಿ ಗಾಯದ ಕಲೆಯಂಥ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ವಾಸಿ ಮಾಡುವ ಔಷಧ ಇಲ್ಲ, ಧೂಳಿನಿಂದ ದೂರ ಬಂದ ಮೇಲೂ ಅದು ಬೆಳೆಯಬಹುದು. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರ ಎದೆಯನ್ನು ತಿಂದದ್ದು ಇದೇ ಧೂಳು. ಎರಕದ ಭಾಗಗಳಿಗೆ ಮರಳು ಊದುವುದನ್ನು ಬ್ರಿಟನ್ 1950ರ ಹೊತ್ತಿಗೇ ನಿಷೇಧಿಸಿತ್ತು. ಜೀನ್ಸ್ ಬಟ್ಟೆಗೆ ಹಳೇ ಕಳೆ ಬರಿಸೋಕೆ ಮರಳು ಊದುತ್ತಿದ್ದ ಎಳೇ ಹುಡುಗರು ಟರ್ಕಿಯಲ್ಲಿ ಕೆಲವೇ ವರ್ಷಗಳಲ್ಲಿ ಸತ್ತರು, 2009ರಲ್ಲಿ ಅಲ್ಲಿ ಅದು ನಿಂತಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೂ ಸಿಲಿಕೋಸಿಸ್ ಇತ್ತು. ಆದರೆ ಮನೆಯ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರ್ ಬರುತ್ತಾರೆ? ಎಂ-ಸ್ಯಾಂಡ್ ಆದರೆ ಪರವಾಗಿಲ್ಲ ಅಂದುಕೊಳ್ಳಬೇಡಿ, ಅದೂ ಗ್ರಾನೈಟ್ ಪುಡಿ, ಅದರಲ್ಲೂ ಕ್ವಾರ್ಟ್ಜ್ ಇದೆ. ಮೂಗಿಗೆ ಕಟ್ಟುವ ಕರ್ಚೀಫು ಇದಕ್ಕೆ ಲೆಕ್ಕಕ್ಕೇ ಇಲ್ಲ.

ಅಮ್ಮನ ಎಕ್ಸ್‌ರೇ, ನನ್ನ ಎಕ್ಸ್‌ರೇ ಎರಡೂ ಸರಿಯಾಗಿವೆ. ಮುಂದಿನ ವರ್ಷ ನನಗೆ ಮತ್ತೆ ತೆಗೆಸಲು ಹೇಳಿದ್ದಾರೆ. ಕಿಟಕಿ ಮುಚ್ಚಿ, ಕೋಣೆ ಬದಲಿಸಿದ ಮೇಲೆ ಅಮ್ಮನ ಕೆಮ್ಮು ಹತೋಟಿಗೆ ಬಂತು.

ಹಾಗಾದರೆ ಏನು ಹಾಕಬೇಕು? ಕಬ್ಬಿಣದ ತುಕ್ಕಿಗೆ ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್. ಅಲ್ಯೂಮಿನಿಯಂ ಭಾಗಗಳಿಗೆ ಗ್ಲಾಸ್ ಬೀಡ್ಸ್, ಅದರ ಗಾಜು ಹರಳಿನ ಸಿಲಿಕಾ ಅಲ್ಲ. ಬೆಲೆ ಜಾಸ್ತಿ ಅನ್ನಿಸಬಹುದು, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಇವನ್ನು ಮತ್ತೆ ಮತ್ತೆ ಬಳಸಬಹುದು. ಎಂಜಿನ್ ಕೇಸಿನ ಒಳಭಾಗಕ್ಕೆ ಮಾತ್ರ ಯಾವುದನ್ನೂ ಊದಬೇಡಿ, ಬೇರಿಂಗ್ ಸಂದಿನಲ್ಲಿ ಉಳಿದ ನಾಲ್ಕು ಕಾಳು ಸಾಕು ಎಂಜಿನ್ ಹಿಡಿದುಕೊಳ್ಳೋಕೆ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್. ಪೇಂಟನ್ನು ರಿಮೂವರ್ ಹಚ್ಚಿ ತೆಗೆದುಬಿಡಿ, ಬ್ರೇಕ್ ಶೂ ತಂಟೆಗೇ ಹೋಗಬೇಡಿ.

ಇಷ್ಟಾದ ಮೇಲೂ ಕೊಳ್ಳಲೇಬೇಕು ಅಂದರೆ ಫೋಟೋ ನೋಡಿ ಕೊಳ್ಳಬೇಡಿ. ಅಂಗಡಿಗೇ ಹೋಗಿ ಹತ್ತು ನಿಮಿಷ ಓಡಿಸಿ ತೋರಿಸಿ ಅನ್ನಿ. ಲೈಟ್ ಆರಿಸಿ, ಬಾಗಿಲ ಸಂದು, ಗ್ಲೌಸ್ ಸೇರುವ ಜಾಗ, ಬ್ಲೋಯರಿನ ಬಾಯಿ, ಮೂರೂ ಕಡೆ ಪಕ್ಕದಿಂದ ಟಾರ್ಚ್ ಬಿಡಿ. ಬಿಸಿಲುಕೋಲಿನಲ್ಲಿ ನನಗೆ ಕಂಡದ್ದು ಅಲ್ಲೂ ಕಂಡರೆ ಎದ್ದು ಬನ್ನಿ. ಧೂಳು ಹಿಡಿಯೋಕೆ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಕೆಳಗೆ ಬೀಳಿಸುವ ಡಬ್ಬ), ಅದರ ಹಿಂದೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್, ಬಿಡುವ ಗಾಳಿ ಮನೆಯಿಂದ ಹೊರಕ್ಕೆ ಹೋಗುವಂತಿರಬೇಕು. ಕಂಪ್ರೆಸರಿಗೂ ಗನ್ನಿಗೂ ನಡುವೆ ನೀರು ಹಿಡಿಯುವ ಟ್ರ್ಯಾಪ್ ಇರಲಿ. ಪೆಟ್ಟಿಗೆಗೆ ಅರ್ಥಿಂಗ್ ಇಲ್ಲದಿದ್ದರೆ ಸ್ಥಿರ ವಿದ್ಯುತ್ ಕೈಗೆ ಚುರುಕ್ ಅಂತ ಹೊಡೆಯುತ್ತಲೇ ಇರುತ್ತದೆ.

ನಾನೀಗ ಭಾಗಗಳನ್ನು ಕೈಗಾರಿಕಾ ಪ್ರದೇಶದ ಒಂದು ಪೌಡರ್ ಕೋಟಿಂಗ್ ಶೆಡ್ಡಿಗೆ ಕೊಡುತ್ತೇನೆ, ಒಂದೇ ದಿನದಲ್ಲಿ ಮುಗಿಸಿಕೊಡುತ್ತಾರೆ. ಇಬ್ಬರು ನನ್ನ ಕ್ಯಾಬಿನೆಟ್ ಕೇಳಿಕೊಂಡು ಬಂದರು. ಕೊಡಲಿಲ್ಲ, ಬಿಚ್ಚಿ ತಗಡನ್ನು ಗುಜರಿಗೆ ಹಾಕಿದೆ.

ಇದನ್ನು ಓದುತ್ತಿರುವ ಯಾರಾದರೂ ಆಗಲೇ ಮರಳು ಊದಿಬಿಟ್ಟಿದ್ದರೆ, ಶೆಡ್ಡಿಗೆ ಪೊರಕೆ ಮುಟ್ಟಿಸಬೇಡಿ, ಫ್ಯಾನ್ ಹಾಕಬೇಡಿ. ಎನ್95 ಮಾಸ್ಕ್ ಕಟ್ಟಿಕೊಂಡು ಮೊದಲು ನೀರು ಚಿಮುಕಿಸಿ, ಗೋಡೆ ನೆಲ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನೂ ಒದ್ದೆ ಮರಳನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಹಾಕಿಕೊಂಡ ಅಂಗಿಯನ್ನು ಮನೆಯೊಳಗೆ ಕೊಡವಬೇಡಿ, ಹಿತ್ತಲಲ್ಲೇ ಬಕೆಟ್ ನೀರಿಗೆ ಅದ್ದಿ.