ಕರ್ನಾಟಕದ ಉಬ್ಬು ನಕ್ಷೆ: ತುಂಗೆಗೆ ಸೈ, ಶರಾವತಿಗೆ ಸಾಲದು

ಶಿವಮೊಗ್ಗದ ಶಾಲಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಉಬ್ಬು ನಕ್ಷೆಯನ್ನು ಸಮಾಜ ವಿಜ್ಞಾನದ ಮೇಷ್ಟ್ರುಗಳು ಆಸೆಪಟ್ಟು ತರುತ್ತಾರೆ, ಗೋಡೆಗೆ ನೇತುಹಾಕುತ್ತಾರೆ, ಅಲ್ಲಿಗೆ ಅದರ ಕತೆ ಮುಗಿಯಿತು. ಇದು ಗೋಡೆಯ ಸಾಮಾನಲ್ಲ. ಮೇಜಿನ ಮೇಲೆ ಮಲಗಿಸಿ ಸುತ್ತ ಆರೇಳು ಮಕ್ಕಳನ್ನು ನಿಲ್ಲಿಸಿದರೆ ಮಾತ್ರ ದುಡ್ಡು ವಸೂಲಿ.

ಮೊದಲ ಪಾಠ ನೀರಿನದೇ ಆಗಲಿ. ಬರೀ ನೀರು ಪ್ಲಾಸ್ಟಿಕ್ ಮೇಲೆ ಕೆಸುವಿನೆಲೆಯ ಹನಿಯಂತೆ ಗುಂಡಗೆ ಕೂತುಬಿಡುತ್ತದೆ. ಒಂದು ಲೋಟಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಸ್ವಲ್ಪ ನೀಲಿ ಇಂಕು ಬೆರೆಸಿ. ಇಂಕ್ ಫಿಲ್ಲರ್‌ನಿಂದ ಘಟ್ಟದ ನೆತ್ತಿಯ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಹನಿ ಬಿಡಿಸಿ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಹತ್ತಿರದ ಅರಬ್ಬಿ ಸಮುದ್ರವನ್ನು ಬಿಟ್ಟು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಸುತ್ತಿ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯ ದಾರಿ ಯಾಕೆ ಹಿಡಿಯಿತು ಎಂಬುದನ್ನು ಆಮೇಲೆ ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ.

ನಕ್ಷೆ ಎಡವುವುದು ಶರಾವತಿಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ನದಿ ಅದು. ಅಗ್ಗದ ಅಚ್ಚಿನಲ್ಲಿ ಘಟ್ಟ ಒಂದೇ ಉದ್ದನೆಯ ಏರಿಯಾಗಿ ಎದ್ದಿರುತ್ತದೆ, ಕಣಿವೆ ಕೊರೆದಿರುವುದಿಲ್ಲ. ಬಿಟ್ಟ ನೀರು ಒಳಗೇ ನಿಲ್ಲುತ್ತದೆ. ‘ಹೊಳೆ ಗುಡ್ಡ ಹತ್ತುತ್ತಾ ಸಾರ್?’ ಎಂದು ಯಾರಾದರೂ ಕೇಳಿದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇಡ. ನದಿ ಬಂಡೆಯನ್ನು ಸವೆಸಿ ದಾರಿ ಮಾಡಿಕೊಳ್ಳುವ ಪಾಠಕ್ಕೆ ಅಲ್ಲಿಂದಲೇ ಹೊರಡಬಹುದು. ನದಿಯ ಜಾಡಿಗೆ ನೀಲಿ ಉಲ್ಲನ್ ದಾರ ಅಂಟಿಸಿಕೊಳ್ಳಿ.

ಎತ್ತರದ ಉತ್ಪ್ರೇಕ್ಷೆಯನ್ನೂ ಹೇಳಿಕೊಡಬೇಕು. ರಾಜ್ಯದ ಉತ್ತರ-ದಕ್ಷಿಣ ಉದ್ದ ಸುಮಾರು 750 ಕಿ.ಮೀ.; ನಕ್ಷೆ 75 ಸೆಂ.ಮೀ. ಇದ್ದರೆ ಒಂದು ಸೆಂ.ಮೀ.ಗೆ ಹತ್ತು ಕಿ.ಮೀ. ಆ ಲೆಕ್ಕದಲ್ಲಿ 1343 ಮೀಟರಿನ ಕೊಡಚಾದ್ರಿ ಒಂದೂಕಾಲು ಮಿಲಿಮೀಟರ್ ಚಿಲ್ಲರೆ ಏಳಬೇಕು. ಅಚ್ಚಿನಲ್ಲಿ ಅದು ಒಂದು ಸೆಂ.ಮೀ. ಎದ್ದಿದ್ದರೆ ಏಳೆಂಟು ಪಟ್ಟು ಹಿಗ್ಗಿಸಿದ್ದಾರೆ ಎಂದರ್ಥ. ಈ ಭಾಗಾಕಾರವನ್ನು ಮಕ್ಕಳೇ ಮಾಡಲಿ.

ಇತಿಹಾಸಕ್ಕೂ ಇದು ಒದಗುತ್ತದೆ. ಕೆಳದಿ, ಇಕ್ಕೇರಿ, ಬಿದನೂರು: ಕೆಳದಿ ಅರಸರ ರಾಜಧಾನಿ ಸರಿದ ಮೂರು ಜಾಗಕ್ಕೆ ಗುಂಡುಸೂಜಿ ಚುಚ್ಚದೆ (ತೂತು ಬಿದ್ದರೆ ಪ್ಲಾಸ್ಟಿಕ್ ಸೀಳುತ್ತದೆ) ಬಿಂದಿ ಅಂಟಿಸಿ, ಕಣ್ಣು ಮುಚ್ಚಿ ಬೆರಳಾಡಿಸಲು ಹೇಳಿ. ಕೊನೆಯದು ಘಟ್ಟದ ಅಂಚಿಗೆ ಎಷ್ಟು ಒತ್ತಿಕೊಂಡಿದೆ ಎಂಬುದು ಬೆರಳಿಗೆ ಸಿಗುತ್ತದೆ. ಕರಾವಳಿಯ ಮೆಣಸಿನ ವ್ಯಾಪಾರ, 1763ರಲ್ಲಿ ಹೈದರಾಲಿಯ ದಾಳಿ, ಎರಡನ್ನೂ ಅಲ್ಲಿಂದ ಎತ್ತಿಕೊಳ್ಳಬಹುದು.

ಆದರೆ ಇಡೀ ಶಿವಮೊಗ್ಗ ಜಿಲ್ಲೆ ಇದರಲ್ಲಿ ಅಂಗೈಯಗಲ. ನಿಮ್ಮೂರಿನ ಗುಡ್ಡ ಕಾಣಬೇಕಾದರೆ ರಟ್ಟನ್ನು ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ ಮಾದರಿಯೇ ಗತಿ, ಖರ್ಚೂ ಕಡಿಮೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ ಹತ್ತು ಕಿ.ಮೀ. ಚೌಕ 20 ಸೆಂ.ಮೀ. ಆಗುತ್ತದೆ. ಪ್ರಿಂಟ್ ತೆಗೆಸುವಾಗ ‘ಫಿಟ್ ಟು ಪೇಜ್’ ಒತ್ತಿದರೆ ಅಳತೆ ಕೆಟ್ಟಿತು. ಸ್ಕೇಲ್ ಇಟ್ಟು ಎರಡು ಸೆಂ.ಮೀ.ಗೆ ಒಂದು ಕಿ.ಮೀ. ಬರುತ್ತದೆಯೇ ನೋಡಿ. ಇಪ್ಪತ್ತು ಮೀಟರಿಗೊಂದರಂತೆ ಇರುವ ಎಲ್ಲ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಕತ್ತರಿಸಹೋದರೆ ಕೈಸೋಲುತ್ತದೆ, ನೂರು ಮೀಟರಿಗೊಂದು ಸಾಕು. ಮೂರು ಮಿ.ಮೀ. ರಟ್ಟಾದರೆ ಉತ್ಪ್ರೇಕ್ಷೆ ಬರೀ ಒಂದೂವರೆ ಪಟ್ಟು. ಪ್ರತಿ ರಟ್ಟಿನ ಮೇಲೂ ಮುಂದಿನ ರೇಖೆಯನ್ನು ಕಾರ್ಬನ್ ಇಟ್ಟು ಮೊದಲೇ ಗುರುತು ಮಾಡಬೇಕು, ಇಲ್ಲದಿದ್ದರೆ ಮೇಲಿನ ತುಂಡು ಎಲ್ಲಿ ಕೂರಬೇಕೆಂದೇ ತಿಳಿಯದು. ಮಳೆಗಾಲದಲ್ಲಿ ಗೋಂದು ತೆಳುವಾಗಿ ಸವರಿ, ಮೇಲೆ ಇಟ್ಟಿಗೆ ಹೇರಿ. ದಪ್ಪ ಬಳಿದರೆ ರಟ್ಟು ಸೊಟ್ಟಗಾಗುತ್ತದೆ.

ಪ್ಲಾಸ್ಟಿಕ್ ನಕ್ಷೆ ಕೊಳ್ಳುವಾಗ ಜಿಲ್ಲೆಗಳನ್ನು ಎಣಿಸಿ. ವಿಜಯನಗರ ಸೇರಿ 31 ಇರಬೇಕು. ಮೂವತ್ತೇ ಇದ್ದರೆ 2021ಕ್ಕಿಂತ ಹಿಂದಿನ ದಾಸ್ತಾನು. ಹಿಂಬದಿಗೆ ರಟ್ಟು ಅಂಟಿಸಿದ್ದು ಬೇಡ, ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಸುರುಳಿ ಸುತ್ತಿ ಕೊಟ್ಟರೂ ಒಪ್ಪಬೇಡಿ, ಏಣುಗಳು ಬಿರಿಯುತ್ತವೆ. ಗಾಜಿನ ಫ್ರೇಮ್ ಹಾಕಿದ್ದು ಚೆಂದ ಕಾಣುತ್ತದೆ, ದುಬಾರಿಯೂ ಹೌದು, ಆದರೆ ಮಕ್ಕಳು ಮುಟ್ಟುವಂತಿಲ್ಲ. ಅಂಥದ್ದನ್ನು ಹೆಡ್‌ಮಾಸ್ಟರ ಕೋಣೆಗೆ ಬೇಕಾದರೆ ತನ್ನಿ.