ತೂತು ಹೊಂದಿದ ಮಾತ್ರಕ್ಕೆ ಚಕ್ರ ಹೊಂದುವುದಿಲ್ಲ: ಜೆ.ಸಿ. ರಸ್ತೆಯ ಎರಡು ಅಲಾಯ್ ವೀಲ್ ಅಂಗಡಿಗಳ ಅನುಭವ

ಬೆಂಗಳೂರಿನ ಜೆ.ಸಿ. ರಸ್ತೆಗೆ ಅಲಾಯ್ ವೀಲ್ ಹಾಕಿಸಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ಯಾವ ಗಾಡಿ ಎಂದು, ಆಮೇಲೆ ಎಷ್ಟು ಇಂಚು ಎಂದು. ಈ ಎರಡಕ್ಕೆ ಉತ್ತರ ಸಿಕ್ಕ ಕೂಡಲೇ ಗೋಡೆಗೆ ತೂಗುಹಾಕಿದ ರಿಮ್‌ಗಳತ್ತ ಕೈ ತೋರಿಸಿದ ಒಂದು ಅಂಗಡಿಯಲ್ಲಿ ನಾನು ಹಣ ಕಳೆದುಕೊಂಡೆ. ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದರ ಅಳತೆ, ಎಷ್ಟಿರಬೇಕು ಎಂಬ ಮೂರನೆಯ ಪ್ರಶ್ನೆಯನ್ನು ತಾನಾಗಿಯೇ ಎತ್ತಿದ ಇನ್ನೊಂದು ಅಂಗಡಿಯಲ್ಲಿ ಆ ತಪ್ಪನ್ನು ಸರಿಪಡಿಸಿಕೊಂಡೆ. ಈ ಬರಹ ಮುಖ್ಯವಾಗಿ ಎರಡನೆಯ ಅಂಗಡಿಯ ಕೆಲಸವನ್ನು ಕುರಿತದ್ದು. ಎರಡೂ ಒಂದೇ ರಸ್ತೆಯಲ್ಲಿರುವುದರಿಂದ, ಒಂದರ ಹೆಸರು ಹೇಳಿದರೆ ಇನ್ನೊಂದನ್ನು ಊಹಿಸುವುದು ಕಷ್ಟವಲ್ಲವಾದ್ದರಿಂದ, ಎರಡರ ಹೆಸರನ್ನೂ ಬಿಟ್ಟಿದ್ದೇನೆ. ಯಾವ ಅಂಗಡಿಗೆ ಹೋದರೂ ಏನನ್ನು ಗಮನಿಸಬೇಕೆಂಬುದು ಓದುವವರಿಗೆ ತಿಳಿದರೆ ಸಾಕು.

ನನ್ನದು 2018ರಲ್ಲಿ ಬಂದ ಮೂರನೆಯ ತಲೆಮಾರಿನ ಮಾರುತಿ ಸುಜುಕಿ ಸ್ವಿಫ್ಟ್, ವಿಎಕ್ಸ್‌ಐ. ಈ ವೇರಿಯಂಟ್‌ಗೆ ಕಂಪನಿಯಿಂದ ಬರುತ್ತಿದ್ದುದು 14 ಇಂಚಿನ ಕಬ್ಬಿಣದ ರಿಮ್, ಅದರ ಮೇಲೆ 165/80 ಆರ್14 ಟಯರು. ಮೇಲಿನ ಝಡ್‌ಎಕ್ಸ್‌ಐ ವೇರಿಯಂಟ್‌ಗಳಿಗೆ 15 ಇಂಚಿನ ಚಕ್ರ ಮತ್ತು 185/65 ಆರ್15 ಟಯರು ಕೊಡುತ್ತಿದ್ದರು. ನೋಡಲು ಇವು ಬೇರೆಬೇರೆ ಅಳತೆಗಳಾದರೂ ಲೆಕ್ಕ ಹಾಕಿದರೆ ನಂಟು ಗೊತ್ತಾಗುತ್ತದೆ. 165 ಎಂಬುದು ಮಿ.ಮೀ.ಯಲ್ಲಿ ಟಯರಿನ ಅಗಲ; ಅದರ ಶೇಕಡಾ 80 ಎಂದರೆ 132 ಮಿ.ಮೀ. ಎತ್ತರದ ಸೈಡ್‌ವಾಲ್, ಅಂದರೆ ಟಯರಿನ ಪಕ್ಕದ ಗೋಡೆ. ಅದರ ಎರಡರಷ್ಟಕ್ಕೆ 14 ಇಂಚನ್ನು, ಅಂದರೆ 355.6 ಮಿ.ಮೀ.ಯನ್ನು ಕೂಡಿಸಿದರೆ ಇಡೀ ಟಯರಿನ ವ್ಯಾಸ 619.6 ಮಿ.ಮೀ. ಆಗುತ್ತದೆ. 185/65 ಆರ್15ಕ್ಕೆ ಇದೇ ಲೆಕ್ಕ ಮಾಡಿದರೆ 621.5 ಬರುತ್ತದೆ. ರಿಮ್ ಒಂದು ಇಂಚು ದೊಡ್ಡದಾದರೂ ನೆಲದ ಮೇಲೆ ಉರುಳುವ ಚಕ್ರದ ಗಾತ್ರ ಬಹುತೇಕ ಹಾಗೇ ಉಳಿಯಲಿ ಎಂದೇ ಕಂಪನಿಯವರು ಸೈಡ್‌ವಾಲನ್ನು ತಗ್ಗಿಸಿದ್ದಾರೆ. ಈ ಗುಣಾಕಾರವನ್ನು ಮೊದಲ ಅಂಗಡಿಗೆ ಹೋಗುವ ಮುನ್ನವೇ ನಾನು ಮಾಡಬೇಕಿತ್ತು.

ಮೊದಲ ಅಂಗಡಿಯಲ್ಲಿ ನನಗೆ ಹಾಕಿಕೊಟ್ಟದ್ದು 16 ಇಂಚು ವ್ಯಾಸದ, 7 ಇಂಚು ಅಗಲದ, 35 ಆಫ್‌ಸೆಟ್‌ನ ರಿಮ್ ಮತ್ತು 195/50 ಆರ್16 ಟಯರು. ಆಫ್‌ಸೆಟ್ ಬಗ್ಗೆ ನಾನು ಅಳುಕಿನಿಂದಲೇ ಕೇಳಿದಾಗ, "ಸಾರ್, ಫೋರ್ ಹಂಡ್ರೆಡ್ ಹೋಲು ಮ್ಯಾಚ್ ಆದ್ರೆ ಮುಗೀತು, ಕೂತ್ಕೊಳ್ಳುತ್ತೆ" ಎಂಬ ಉತ್ತರ ಬಂತು. ಚಕ್ರ ಕೂತುಕೊಂಡಿತೇನೋ ನಿಜ. ಸ್ವಿಫ್ಟ್‌ಗೆ 100 ಮಿ.ಮೀ. ಪಿಸಿಡಿಯಲ್ಲಿ, ಅಂದರೆ ಅಷ್ಟು ವ್ಯಾಸದ ವೃತ್ತದ ಮೇಲೆ, ನಾಲ್ಕು ತೂತುಗಳಿವೆ, ಆ ರಿಮ್‌ಗೂ ಹಾಗೇ ಇತ್ತು. ಖಾಲಿ ಕಾರನ್ನು ಅಂಗಡಿಯ ಮುಂದೆ ಹಿಂದೆ ಮುಂದೆ ಓಡಿಸಿದಾಗ ಎಲ್ಲಿಯೂ ತಾಗಲಿಲ್ಲ. ಮುಂದಿನ ವಾರ ಐದು ಜನ ಮತ್ತು ಸಾಮಾನು ತುಂಬಿಕೊಂಡು ಸಕಲೇಶಪುರಕ್ಕೆ ಹೊರಟಾಗ ಪ್ರತಿ ಹಂಪಿನಲ್ಲೂ ಹಿಂದಿನ ಚಕ್ರದ ಕಡೆಯಿಂದ ಕರಕರ ಸದ್ದು ಕೇಳತೊಡಗಿತು. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಮಡಿಕೆಯ ಅಂಚು ಟಯರಿನ ಹೆಗಲನ್ನು ಸುತ್ತಲೂ ಕೆತ್ತಿತ್ತು.

ಆಫ್‌ಸೆಟ್ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಂಡರೆ, ಹಬ್ಬಿಗೆ (ಕಾರಿನ ಕಡೆ ಚಕ್ರ ಕೂರುವ ನಡುಭಾಗಕ್ಕೆ) ಒರಗುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ದೂರದಲ್ಲಿದೆ ಎಂಬುದೇ ಆಫ್‌ಸೆಟ್. ರಿಮ್ಮಿನ ಹಿಂಬದಿಯಲ್ಲಿ ಇದನ್ನು ಇಟಿ ಎಂಬ ಎರಡು ಅಕ್ಷರಗಳ ಮುಂದೆ ಅಚ್ಚು ಹಾಕಿರುತ್ತಾರೆ. ಅದು ಜರ್ಮನ್ ಪದವೊಂದರ ಸಂಕ್ಷೇಪ. ಒರಗುವ ಮುಖ ನಡುಗೆರೆಗಿಂತ ಹೊರಗಿದ್ದರೆ ಅಂಕಿ ಧನ, ಒಳಗಿದ್ದರೆ ಋಣ. ಅಂಕಿ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಹೊರಕ್ಕೆ ಸರಿಯುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ. ಆದರೆ ಆಫ್‌ಸೆಟ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ರಿಮ್ ಅಗಲವಾದಾಗ ಆ ಹೆಚ್ಚುವರಿ ಅಗಲ ಎರಡೂ ಬದಿಗೆ ಹಂಚಿಹೋಗುತ್ತದೆ. ಕಂಪನಿಯ ರಿಮ್ 5.5 ಇಂಚು ಅಗಲ, ಆಫ್‌ಸೆಟ್ 45 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಗಲದ ಅರ್ಧ 69.85 ಮಿ.ಮೀ.; ಅದರಿಂದ 45 ಕಳೆದರೆ ರಿಮ್ಮಿನ ಹೊರ ಅಂಚು ಹಬ್ಬಿನ ಮುಖದಿಂದ ಸುಮಾರು 25 ಮಿ.ಮೀ. ಹೊರಗಿರುತ್ತದೆ. 7 ಇಂಚಿನ, 35 ಆಫ್‌ಸೆಟ್‌ನ ರಿಮ್‌ಗೆ ಅರ್ಧ 88.9, ಅದರಿಂದ 35 ಕಳೆದರೆ ಸುಮಾರು 54. ಅಂಗಡಿಯವರು "ಹತ್ತೇ ಪಾಯಿಂಟ್ ಡಿಫರೆನ್ಸ್" ಎಂದು ತೇಲಿಸಿಬಿಡುವ ಬದಲಾವಣೆಯಿಂದ ಹೊರ ಅಂಚು 29 ಮಿ.ಮೀ. ಆಚೆ ಹೋಯಿತು. ಕಳೆಯುವ ಬದಲು ಕೂಡಿಸಿದರೆ ಒಳಬದಿಯ ಲೆಕ್ಕ ಸಿಗುತ್ತದೆ: ಅಲ್ಲಿಯೂ 9 ಮಿ.ಮೀ. ಒಳಕ್ಕೆ, ಸಸ್ಪೆನ್ಷನ್ ಸ್ಟ್ರಟ್ಟಿನ ಕಡೆಗೆ ಸರಿದಿದೆ. ಈ ಅಂಕಿಗಳನ್ನು ನಿಮ್ಮ ಕಾರಿಗೆ ನಕಲು ಮಾಡಬೇಡಿ. ವೇರಿಯಂಟ್‌ನಿಂದ ವೇರಿಯಂಟ್‌ಗೆ ರಿಮ್ ಬದಲಾಗುತ್ತದೆ. ನಿಮ್ಮ ರಿಮ್ಮಿನ ಬೆನ್ನ ಮೇಲೆ ಬರೆದದ್ದೇ ನಿಮಗೆ ಪ್ರಮಾಣ.

ಮಡ್‌ಗಾರ್ಡಿಗೆ ತಾಗುವುದು ಕಣ್ಣಿಗೆ ಕಾಣುವ ತೊಂದರೆ. ಮುಂದಿನ ಚಕ್ರ ಹೊರಕ್ಕೆ ಹೋದಾಗ ಸ್ಟಿಯರಿಂಗ್ ತಿರುಗುವ ಅಕ್ಷಕ್ಕೂ ಟಯರು ನೆಲ ಮುಟ್ಟುವ ಜಾಗದ ನಡುವಿಗೂ ಇರುವ ಅಂತರ ಬದಲಾಗುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಜಗ್ಗಿದಂತಾಗುತ್ತದೆ, ವೀಲ್ ಬೇರಿಂಗಿನ ಮೇಲೆ ಸನ್ನೆಗೋಲು ಹಾಕಿದಂತೆ ಹೆಚ್ಚಿನ ಒತ್ತಡ ಬೀಳುತ್ತದೆ. ಇದರ ಮೇಲೆ ಟಯರಿನ ಆಯ್ಕೆಯೂ ತಪ್ಪಾಗಿತ್ತು. 195/50 ಆರ್16ರ ವ್ಯಾಸ 601.4 ಮಿ.ಮೀ., ಅಂದರೆ ನನ್ನ ಹಳೆಯ ಟಯರಿಗಿಂತ 18 ಮಿ.ಮೀ. ಚಿಕ್ಕದು. ಕಾರು 9 ಮಿ.ಮೀ. ಕೆಳಗಿಳಿಯಿತು, ಕಂಪನಿ ಹೇಳುವ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ ಅಷ್ಟು ಕಳೆಯಿರಿ, ನಮ್ಮ ಬಡಾವಣೆಗಳ ಹಂಪುಗಳನ್ನು ನೆನೆಯಿರಿ. ಆ ಟಯರಿನ ಲೋಡ್ ಇಂಡೆಕ್ಸ್ 84, ಅಂದರೆ ಒಂದು ಟಯರು ಹೊರಬಲ್ಲದ್ದು 500 ಕಿಲೋ. ಹಳೆಯದರ 85ಕ್ಕೆ 515 ಕಿಲೋ. ಟಯರು ಅಗಲವಾಯಿತು, ಹೊರುವ ಶಕ್ತಿ ಕಡಿಮೆಯಾಯಿತು.

ಎರಡನೆಯ ಅಂಗಡಿ ಮುಖ್ಯರಸ್ತೆಯಿಂದ ಒಳಗೆ, ಎರಡು ಕಾರು ನಿಲ್ಲಿಸುವಷ್ಟೇ ಜಾಗದಲ್ಲಿದೆ. ಮಾಲೀಕರು ಗೋಡೆಯ ಕಡೆ ನೋಡುವ ಮೊದಲು, "ಸ್ಟೆಪ್ನಿ ಕಂಪನಿದೇ ಇದೆಯಾ, ತೆಗೀರಿ ಸಾರ್" ಎಂದರು. ಅದನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ಬಿಗೆ ಒರಗುವ ಮುಖದವರೆಗಿನ ಆಳವನ್ನು ಸ್ಕೇಲಿನಿಂದ ಅಳೆದರು. ಈ ಆಳದಿಂದ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕಳೆದರೆ ಆಫ್‌ಸೆಟ್ ಸಿಗುತ್ತದೆ. ಒಟ್ಟು ಅಗಲ ಎಂದರೆ ರಿಮ್ ಮೇಲೆ ಬರೆದ ಅಗಲವಲ್ಲ. ಎರಡೂ ಬದಿಯ ತುಟಿಗಳು ಸೇರಿ ಸುಮಾರು ಒಂದು ಇಂಚು ಹೆಚ್ಚಿರುತ್ತದೆ, ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಆಮೇಲೆ ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಮುಂದಿನ ಟಯರಿಗೂ ಸ್ಟ್ರಟ್ಟಿಗೂ ನಡುವೆ ಉಳಿಯುವ ಜಾಗ, ಹಿಂದೆ ಮಡ್‌ಗಾರ್ಡಿನ ಅಂಚಿನಿಂದ ಟಯರಿನವರೆಗಿನ ಜಾಗ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರು. ಮನೆಯಲ್ಲಿ ಎಷ್ಟು ಜನ, ಊರಿಗೆ ಹೋಗುವಾಗ ಎಷ್ಟು ಸಾಮಾನು ಎಂದೂ ಕೇಳಿದರು. 17 ಇಂಚಿನ ಒಂದು ಸೆಟ್ ತೋರಿಸಿ ನಾನೇ ಆಸೆಪಟ್ಟಾಗ, ಮಾರಲು ಒಪ್ಪಲಿಲ್ಲ.

ಕೊನೆಗೆ ಹಾಕಿದ್ದು 16 ಇಂಚು ವ್ಯಾಸದ, 6 ಇಂಚು ಅಗಲದ, ಕಂಪನಿಯ ಆಫ್‌ಸೆಟ್‌ಗೇ ಹೊಂದುವ ರಿಮ್ ಮತ್ತು 195/55 ಆರ್16 ಟಯರು. ಇದರ ವ್ಯಾಸ 620.9 ಮಿ.ಮೀ., ಹಳೆಯದಕ್ಕಿಂತ 1.3 ಮಿ.ಮೀ. ಮಾತ್ರ ಹೆಚ್ಚು. ಲೋಡ್ ಇಂಡೆಕ್ಸ್ 87, ಅಂದರೆ 545 ಕಿಲೋ. ಈ ಅಳತೆಯ ಟಯರಿಗೆ 5.5ರಿಂದ 7 ಇಂಚಿನವರೆಗಿನ ರಿಮ್ ಆಗುತ್ತದೆ, ಟಯರು ತಯಾರಕರು ಅಳತೆಗೆ ಬಳಸುವುದೇ 6 ಇಂಚಿನದನ್ನು. ಇಲ್ಲಿ ಮಾಲೀಕರು ಹೇಳಿದ ಒಂದು ಮಾತು ನನಗೆ ಹೊಸದಾಗಿತ್ತು: ರಿಮ್ಮಿನ ಅಂಚಿನ ಲೆಕ್ಕ ಮುಗಿದ ಮೇಲೆ ಟಯರಿನ ಉಬ್ಬಿನ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ಆಫ್‌ಸೆಟ್ ಬದಲಾಗದಿದ್ದರೂ 165ರ ಜಾಗಕ್ಕೆ 195 ಬಂದಾಗ ಟಯರು ಒಳಕ್ಕೂ ಹೊರಕ್ಕೂ ತಲಾ 15 ಮಿ.ಮೀ. ಹರಡುತ್ತದೆ. ಚೀಟಿಯಲ್ಲಿ ಬರೆದುಕೊಂಡ ಅಂತರಗಳು ಇದಕ್ಕೆ ಸಾಕಾಗುತ್ತವೆಯೇ ಎಂದು ನೋಡಿದ ನಂತರವೇ ಅವರು ಟಯರು ತರಿಸಿದ್ದು.

ಹಬ್ಬಿನ ವಿಷಯದಲ್ಲಿಯೂ ಕೆಲಸ ಅಚ್ಚುಕಟ್ಟಾಗಿತ್ತು. ಸ್ವಿಫ್ಟ್‌ನ ಹಬ್ ವ್ಯಾಸ 54.1 ಮಿ.ಮೀ. ಹೊರಗೆ ಸಿಗುವ ರಿಮ್‌ಗಳನ್ನು ಹಲವು ಕಾರುಗಳಿಗೆ ಹೊಂದಲೆಂದು 67.1 ಅಥವಾ 73.1ರಷ್ಟು ದೊಡ್ಡ ನಡುತೂತಿನೊಂದಿಗೆ ಮಾಡಿರುತ್ತಾರೆ. ಆ ಸಂದನ್ನು ಹಬ್ ರಿಂಗ್ ಹಾಕಿ ತುಂಬದಿದ್ದರೆ ಚಕ್ರವನ್ನು ನಡುವಿಗೆ ತರುವ ಹೊಣೆ ಪೂರ್ತಿ ನಟ್‌ಗಳ ಮೇಲೆ ಬೀಳುತ್ತದೆ, ಸ್ವಲ್ಪ ಓರೆಯಾಗಿ ಕೂತರೂ ಹೈವೇ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಮೊದಲ ಸೆಟ್‌ಗೆ ರಿಂಗ್ ಇರಲೇ ಇಲ್ಲ ಎಂಬುದು ಬಿಚ್ಚಿದಾಗ ಗೊತ್ತಾಯಿತು. ನಾನು ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿಯೂ ಹೋಗದ ನಡುಕಕ್ಕೆ ಕಾರಣ ಅದೇ. ನಟ್‌ಗಳಲ್ಲಿಯೂ ಎಚ್ಚರ ಬೇಕು. ಸುಜುಕಿಯ ಸ್ಟಡ್‌ಗಳ (ನಟ್ ಕೂರುವ ಬೋಲ್ಟುಗಳ) ಥ್ರೆಡ್ ಅಂತರ 1.25 ಮಿ.ಮೀ., ಹ್ಯುಂಡೈ, ಟೊಯೊಟಾ, ಹೋಂಡಾ ಕಾರುಗಳದು 1.5. ದಪ್ಪ ಎರಡಕ್ಕೂ 12 ಮಿ.ಮೀ. ಆದ್ದರಿಂದ ತಪ್ಪು ನಟ್ ಒಂದೆರಡು ಸುತ್ತು ಹೋಗಿ ನಂಬಿಸುತ್ತದೆ, ಅಲ್ಲಿಂದಾಚೆ ಗನ್ ಹಿಡಿದು ತಿರುಗಿಸಿದರೆ ಸ್ಟಡ್ ಹಾಳು.

ಅಂಗಡಿಯಲ್ಲಿ ಕೊರತೆಗಳಿಲ್ಲದಿಲ್ಲ. ಇಷ್ಟು ಶ್ರದ್ಧೆಯಿಂದ ಅಳೆದವರ ಹುಡುಗ ಕೊನೆಯಲ್ಲಿ ನಟ್‌ಗಳನ್ನು ಏರ್ ಗನ್ನಿನಿಂದಲೇ ಬಿಗಿದುಬಿಟ್ಟ. ನಾನು ಕೇಳಿದ ಮೇಲೆ ಸಡಿಲಿಸಿ, ಇಂತಿಷ್ಟೇ ಬಿಗಿತಕ್ಕೆ ಅಳೆದು ಬಿಗಿಯುವ ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿದರು. ಕೇಳದವರ ಗತಿ ಏನು? ಹಬ್ ರಿಂಗ್ ಮತ್ತು ನಟ್‌ಗಳ ಬೆಲೆ ಮೊದಲು ಹೇಳಿದ ಮೊತ್ತದಲ್ಲಿ ಸೇರಿಲ್ಲ ಎಂಬುದು ಬಿಲ್ಲಿನಲ್ಲಿಯೇ ತಿಳಿದದ್ದು. ಬೆಳಿಗ್ಗೆ ಕೊಡುತ್ತೇವೆಂದ ಕಾರು ಸಂಜೆ ಸಿಕ್ಕಿತು. ರಿಮ್ ಮೇಲೆ ಜೆಡಬ್ಲ್ಯುಎಲ್ ಎಂಬ ಜಪಾನಿ ಗುರುತು ಇದೆಯೆಂದು ತೋರಿಸಿ ಅದನ್ನೇ ಗಟ್ಟಿತನದ ಸರ್ಟಿಫಿಕೇಟ್ ಎಂಬಂತೆ ಹೇಳಿದ್ದೂ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆ ಗುರುತು ತಯಾರಕರು ತಾವೇ ಘೋಷಿಸಿಕೊಳ್ಳುವಂಥದ್ದು. ಹೊರಗಿನವರು ಪರೀಕ್ಷಿಸಿದ್ದಕ್ಕೆ ವಿಐಎ ಎಂಬ ಬೇರೆ ಗುರುತಿದೆ. ಟಯರುಗಳ ತಯಾರಿಕೆಯ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳನ್ನು ಮಾತ್ರ ಅವರೇ ಟಾರ್ಚ್ ಹಿಡಿದು ತೋರಿಸಿದರು. ನಾಲ್ಕು ಟಯರುಗಳೂ ಒಂದೇ ತಿಂಗಳಿನವು. ವಿಮೆಯವರಿಗೆ ಚಕ್ರ ಬದಲಿಸಿದ ವಿಷಯ ತಿಳಿಸಿ ಎಂದು ಬಿಲ್ಲಿನ ಮೇಲೆ ಬರೆದುಕೊಟ್ಟದ್ದು ನಾನು ನಿರೀಕ್ಷಿಸದಿದ್ದ ಸೌಜನ್ಯ.

ಸವಾರಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ತಾಗುವುದು, ನಡುಗುವುದು, ಜಗ್ಗುವುದು ಎಲ್ಲ ನಿಂತಿದೆ. ತಿರುವುಗಳಲ್ಲಿ ಕಾರು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಸೈಡ್‌ವಾಲ್ 132ರಿಂದ 107 ಮಿ.ಮೀ.ಗೆ ಇಳಿದಿರುವುದರಿಂದ ಗುಂಡಿಯ ಏಟು ಬೆನ್ನಿಗೆ ಮೊದಲಿಗಿಂತ ನೇರವಾಗಿ ಬಡಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗಳ ಆಳ ಕಾಣದಾಗ ರಿಮ್ ಬೆಂಡಾದೀತೆಂಬ ಹೆದರಿಕೆ ಹಳೆಯ ಚಕ್ರಕ್ಕೆ ಇರಲಿಲ್ಲ. ಇನ್ನೊಮ್ಮೆ ಆರಿಸುವ ಅವಕಾಶವಿದ್ದರೆ ನಾನು 15 ಇಂಚಿಗೇ ನಿಲ್ಲುತ್ತಿದ್ದೆ. 185/65 ಆರ್15 ಇದೇ ಕಾರಿನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಅಳತೆ. ಸೈಡ್‌ವಾಲ್ 120 ಮಿ.ಮೀ. ಉಳಿಯುತ್ತದೆ, ಲೋಡ್ ಇಂಡೆಕ್ಸ್ 88 ಆಗಿ 560 ಕಿಲೋ ಹೊರುತ್ತದೆ. ಮಾಲೀಕರು ಇದನ್ನೇ ಮೊದಲು ಸೂಚಿಸಿದ್ದರು. ಆಗ 16ರ ನೋಟಕ್ಕೆ ಮರುಳಾದದ್ದು ನಾನು, ಆ ತಪ್ಪನ್ನು ಅಂಗಡಿಯ ಲೆಕ್ಕಕ್ಕೆ ಹಾಕುವಂತಿಲ್ಲ.

ಸ್ಟೆಪ್ನಿಯನ್ನು ಬದಲಿಸಲಿಲ್ಲ. 165/80 ಆರ್14ರ ವ್ಯಾಸ ಹೊಸ ಟಯರುಗಳಿಗೆ ಹತ್ತಿರವೇ ಇರುವುದರಿಂದ ಪಂಚರ್ ಆದಾಗ ಅಂಗಡಿ ಮುಟ್ಟುವವರೆಗೆ ಹಾಕಿಕೊಂಡು ಹೋಗಬಹುದು. ಅಲಾಯ್‌ಗೆಂದು ಕೊಟ್ಟ ನಟ್ ಕಬ್ಬಿಣದ ರಿಮ್‌ಗೆ ಸರಿಯಾಗಿ ಕೂರದಿದ್ದರೆ ಇರಲಿ ಎಂದು ಕಂಪನಿಯ ಹಳೆಯ ನಟ್‌ಗಳನ್ನು ಒಂದು ಡಬ್ಬಿಯಲ್ಲಿ ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದೇನೆ. ನೂರು ಕಿಲೋಮೀಟರ್ ಓಡಿದ ಮೇಲೆ ಬಂದು ನಟ್ ಬಿಗಿತ ನೋಡಿಸಿಕೊಳ್ಳಿ ಎಂದಿದ್ದರು, ಹೋದೆ. ಹದಿನಾರರಲ್ಲಿ ಎರಡು ನಟ್‌ಗಳು ಕಾಲು ಸುತ್ತಿನಷ್ಟು ತಿರುಗಿದವು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.